ಎದುರಿಗೊಂದು ಮುಖ

2020ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ನಾನು ನನ್ನ ತರಗತಿಯ 48 ಮಂದಿಗೆ ಸುಳ್ಳು ಹೇಳಿದೆ. ಬಿ.ಎಡ್. ತರಗತಿಯ ಆನ್‌ಲೈನ್ ಗುಂಪು ಪ್ರಸ್ತುತಿಯಲ್ಲಿ ನನ್ನ ಪಾಲಿಗೆ ನಾಲ್ಕು ನಿಮಿಷಗಳ ಮಾತಿತ್ತು. ಮುಕ್ಕಾಲು ನಿಮಿಷ ಮಾತನಾಡಿದ ಮೇಲೆ ಮುಂದಿನ ವಾಕ್ಯ ನೆನಪಿಗೆ ಬರಲಿಲ್ಲ. ಪರದೆಯ ಮೂಲೆಯ ಕೆಂಪು ಗುಂಡಿಯನ್ನು ಒತ್ತಿ ಝೂಮ್‌ನಿಂದ ಹೊರಬಂದೆ. ಹತ್ತು ನಿಮಿಷಗಳ ಬಳಿಕ ವಾಟ್ಸಾಪ್ ಗುಂಪಿನಲ್ಲಿ ‘ನೆಟ್‌ವರ್ಕ್ ಹೋಯಿತು, ಕ್ಷಮಿಸಿ’ ಎಂದು ಬರೆದೆ. ಎಲ್ಲರ ನೆಟ್‌ವರ್ಕ್ ದಿನಕ್ಕೆ ಹತ್ತು ಬಾರಿ ಹೋಗುತ್ತಿದ್ದ ಕಾಲವಾದುದರಿಂದ ಯಾರೂ ಮರುಪ್ರಶ್ನೆ ಕೇಳಲಿಲ್ಲ. ನನ್ನ ಪಾಲಿನ ಮಾತನ್ನು ನೀಲೇಶ್ವರದ ಗೆಳತಿಯೊಬ್ಬಳು ಸಿದ್ಧತೆಯಿಲ್ಲದೆ ಹೇಗೋ ಮುಗಿಸಿದಳೆಂದು ಆಮೇಲೆ ತಿಳಿಯಿತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಒಳಗೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟದ ಅಂಚಿನಲ್ಲಿದೆ. ಮನೆಯಲ್ಲಿ ಹವ್ಯಕ ಕನ್ನಡ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿ ಮಲಯಾಳ, ಹೀಗೆ ಸಪ್ತಭಾಷಾ ಸಂಗಮಭೂಮಿಯೆಂದು ಕರೆಸಿಕೊಳ್ಳುವ ನೆಲದಲ್ಲಿ ಬೆಳೆದವರೆಲ್ಲರಂತೆ ನಾನೂ ದಿನಕ್ಕೆ ನಾಲ್ಕು ಭಾಷೆಗಳನ್ನು ಬದಲಿಸಿಕೊಂಡೇ ಬೆಳೆದವಳು. ಮಾತನಾಡಲು ಹೆದರುವವಳೂ ಆಗಿರಲಿಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ ನಮ್ಮಂಥ ಮಕ್ಕಳಿಗಾಗಿ ಇರುವ ಕನ್ನಡ ಭಾಷಣ ಮತ್ತು ಕನ್ನಡ ಪದ್ಯ ವಾಚನ ಸ್ಪರ್ಧೆಗಳಲ್ಲಿ ಉಪಜಿಲ್ಲಾ ಮಟ್ಟದವರೆಗೆ ಹೋಗಿದ್ದೆ. ವೇದಿಕೆಯ ಮೇಲೆ ಕಾಲು ನಡುಗಿದ ನೆನಪು ನನಗಿಲ್ಲ. ಆದುದರಿಂದ, ಸ್ವಂತ ಮನೆಯ ಉಪ್ಪರಿಗೆಯಲ್ಲಿ, ಅಡಿಕೆ ಗೋಣಿಗೆ ಒರಗಿಸಿಟ್ಟ ಒಂದು ಫೋನಿನ ಮುಂದೆ, ಎದುರಿಗೆ ಒಬ್ಬ ಮನುಷ್ಯನೂ ಇಲ್ಲದ ಕಡೆ, ನನ್ನ ಗಂಟಲು ಏಕೆ ಕಟ್ಟಿತೆಂಬುದು ನನಗೇ ಅರ್ಥವಾಗದ ಸಂಗತಿಯಾಗಿತ್ತು. ಅದನ್ನು ಅರ್ಥಮಾಡಿಕೊಳ್ಳಲು ಸುಮಾರು ಏಳು ವಾರಗಳು ಹಿಡಿದವು. ಆ ಏಳು ವಾರಗಳ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮುಕ್ಕಾಲು ನಿಮಿಷದಲ್ಲಿ ನಡೆದುದನ್ನು ಮತ್ತೆ ಮತ್ತೆ ನೆನಪಿಸಿಕೊಂಡು ಪರೀಕ್ಷಿಸಿದ್ದೇನೆ. ಟೀಚರ್ ನನ್ನ ಹೆಸರು ಕರೆದರು. ನಾನು ಮೈಕ್ ತೆರೆದು, ಆ ದಿನಗಳಲ್ಲಿ ಎಲ್ಲರೂ ಮಾಡುತ್ತಿದ್ದಂತೆ, ‘ಕೇಳ್ಕುನ್ನುಂಡೋ?’, ಕೇಳಿಸುತ್ತಿದೆಯೇ, ಎಂದು ಮಲಯಾಳದಲ್ಲಿ ಕೇಳಿದೆ. ಯಾರೋ ಒಬ್ಬರು ‘ಉಂಡ್’ ಎಂದರು. ಅಲ್ಲಿಂದ ಮುಂದೆ ಶಬ್ದವೇ ಇಲ್ಲ. ಡೇಟಾ ಉಳಿಸಲೆಂದು ಎಲ್ಲರೂ ಕ್ಯಾಮೆರಾ ಮುಚ್ಚಿದ್ದರಿಂದ ಪರದೆಯ ತುಂಬ ಕಪ್ಪು ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ಹೆಸರು. ತೆರೆದಿದ್ದ ಒಂದೇ ಒಂದು ಚೌಕದಲ್ಲಿ ಇದ್ದವಳು ನಾನು. ಕಣ್ಣು ಬೇರೆಲ್ಲಿಗೂ ಹೋಗಲಾಗದೆ ಅಲ್ಲಿಗೇ ಹೋಯಿತು: ಮಾತನಾಡುವಾಗ ಎಡಕ್ಕೆ ಸೊಟ್ಟಗಾಗುವ ನನ್ನ ತುಟಿ, ಹಣೆಯ ಮೇಲಿನ ಬೆವರು, ಹಿಂದೆ ಹಗ್ಗದ ಮೇಲೆ ಒಣಗದೆ ನೇತಾಡುತ್ತಿದ್ದ ಬಟ್ಟೆ. ಹೇಳಿದ ವಾಕ್ಯ ಸರಿಯಾಯಿತೋ ಇಲ್ಲವೋ ಎಂದು ತಿಳಿಸುವ ಒಂದು ತಲೆಯಾಡಿಸುವಿಕೆಯೂ ಇರಲಿಲ್ಲ. ಎದೆ ಬಡಿತ ಕಿವಿಗೆ ಕೇಳಿಸತೊಡಗಿತು, ಬಾಯಿ ಒಣಗಿತು, ಉಸಿರು ಕೊರಳಿನಿಂದ ಕೆಳಗೆ ಇಳಿಯಲಿಲ್ಲ. ಅಪಾಯ ಕಂಡಾಗ ಅಡ್ರಿನಲಿನ್ ಸ್ರವಿಸಿ ಓಡಲೋ ಹೋರಾಡಲೋ ದೇಹವನ್ನು ಸಜ್ಜುಗೊಳಿಸುತ್ತದೆಂದು ಮನಶ್ಶಾಸ್ತ್ರದ ಪರೀಕ್ಷೆಗಾಗಿ ನಾನೇ ಓದಿದ್ದೆ. ಓಡಲು ಅಲ್ಲೊಂದು ಗುಂಡಿಯೂ ಇತ್ತು; ನಾನು ಓಡಿದೆ.

ಸಭಾಭವನದಲ್ಲಾದರೆ ವೇದಿಕೆಯಿಂದ ಹೀಗೆ ಮಾಯವಾಗಲು ಸಾಧ್ಯವಿಲ್ಲ. ತಡವರಿಸಿದರೂ ನಿಂತುಕೊಳ್ಳಬೇಕು, ನಿಂತುಕೊಂಡರೆ ಹೇಗೋ ಮಾತು ಹೊರಡುತ್ತದೆ. ಆನ್‌ಲೈನ್ ತರಗತಿಯ ಭಯವನ್ನು ಅಷ್ಟು ಬಲವಾಗಿಸುವುದು ಈ ಸುಲಭದ ಬಾಗಿಲೇ ಎಂದು ನಾನು ನಂಬಿದ್ದೇನೆ. ಒಮ್ಮೆ ಆ ಬಾಗಿಲಿನಿಂದ ಹೊರಬಂದವರಿಗೆ ಮರುದಿನ ಒಳಹೋಗುವುದು ಎರಡು ಪಟ್ಟು ಕಷ್ಟ. ಜುಲೈ ತಿಂಗಳಿಡೀ ನಾನು ತರಗತಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಹಾಜರಿ ಕರೆದಾಗಲೂ ‘ಪ್ರೆಸೆಂಟ್’ ಎಂದು ಬರೆದು ಕಳುಹಿಸುತ್ತಿದ್ದೆ.

ಎರಡನೆಯ ಪ್ರಸ್ತುತಿಗೆ ಆಗಸ್ಟ್ ಮಧ್ಯದ ದಿನಾಂಕ ನಿಗದಿಯಾಯಿತು. ಪರಿಸರ ಶಿಕ್ಷಣದ ವಿಷಯಕ್ಕೆ ಸಂಬಂಧಿಸಿ, ತಂತಮ್ಮ ಊರಿನ ಒಂದು ಜಲ ಸಂರಕ್ಷಣಾ ಪದ್ಧತಿಯ ಬಗ್ಗೆ ನಾಲ್ವರ ಗುಂಪು ಇಪ್ಪತ್ತು ನಿಮಿಷ ಮಾತನಾಡಬೇಕು. ನಮ್ಮ ಗುಂಪಿನಲ್ಲಿ ನೀಲೇಶ್ವರದ ಅದೇ ಗೆಳತಿ, ಪಯ್ಯನ್ನೂರಿನ ಗೆಳೆಯ, ಮಂಜೇಶ್ವರದ ಗೆಳತಿ ಮತ್ತು ನಾನು. ‘ಸುರಂಗದ ಬಗ್ಗೆ ಮಾಡೋಣ, ಸುರಂಗದ ನೀರು ಕುಡಿದು ಬೆಳೆದವಳು ನಮ್ಮಲ್ಲೇ ಒಬ್ಬಳಿದ್ದಾಳಲ್ಲ’ ಎಂದು ಪಯ್ಯನ್ನೂರಿನವನು ಹೇಳಿದಾಗ ನನ್ನ ಕೈ ತಣ್ಣಗಾಯಿತು. ಆ ರಾತ್ರಿ ನೀಲೇಶ್ವರದ ಗೆಳತಿಗೆ ಫೋನ್ ಮಾಡಿ, ಸ್ಲೈಡುಗಳೆಲ್ಲವನ್ನೂ ನಾನೇ ಮಾಡಿಕೊಡುತ್ತೇನೆ, ಮಾತನಾಡುವವರು ನೀವು ಮೂವರಾಗಿರಿ ಎಂದು ಕೇಳಿಕೊಂಡೆ. ಕಾರಣ ಕೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಜೂನ್ ತಿಂಗಳಲ್ಲಿ ನೆಟ್‌ವರ್ಕ್ ಹೋಗಿರಲಿಲ್ಲ ಎಂದು ಹೇಳಿಬಿಟ್ಟೆ.

‘ನನಗೆ ಗೊತ್ತಿತ್ತು’ ಎಂದಳು. ನೆಟ್‌ವರ್ಕ್ ಹೋಗುವಾಗ ಮೊದಲು ದನಿ ತುಂಡಾಗುತ್ತದೆ, ಮುಖ ಅರ್ಧ ತೆರೆದ ಬಾಯಿಯೊಂದಿಗೆ ಅಲ್ಲೇ ನಿಲ್ಲುತ್ತದೆ, ಎಷ್ಟೋ ಹೊತ್ತಿನ ಮೇಲೆ ಚೌಕ ಮಾಯವಾಗುತ್ತದೆ. ನಿನ್ನ ಚೌಕ ದನಿ ಸ್ಪಷ್ಟವಾಗಿರುವಾಗಲೇ ಒಮ್ಮೆಗೇ ಇಲ್ಲವಾಯಿತು ಎಂದು ವಿವರಿಸಿದಳು. ಗೊತ್ತಿದ್ದೂ ಐದು ವಾರ ಸುಮ್ಮನಿದ್ದಳು, ನನ್ನ ಮಾತನ್ನು ತಾನು ಮುಗಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ನನಗೆ ಅಳು ಬಂತು. ಆದರೆ ಬೇಡಿಕೆಗೆ ಮಾತ್ರ ಅವಳು ಒಪ್ಪಲಿಲ್ಲ. ನಾವು ಮೂವರೂ ಸುರಂಗವನ್ನು ಚಿತ್ರದಲ್ಲಷ್ಟೇ ನೋಡಿದವರು, ಓದಿ ಹೇಳಬಹುದು, ಕಂಡದ್ದನ್ನು ಹೇಳುವವಳು ನೀನೊಬ್ಬಳೇ ಎಂದಳು. ಅವಳ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಮಾಡಿದ ಕೆಲಸವೆಂದರೆ ಸುರಂಗದೊಳಗೆ ಹೋದದ್ದು. ಹುಟ್ಟಿದಂದಿನಿಂದ ಅದರ ನೀರು ಕುಡಿಯುತ್ತಿದ್ದರೂ ನಾನು ಅದರ ಬಾಯಿಯಿಂದ ಆಚೆಗೆ ಕಾಲಿಟ್ಟಿರಲಿಲ್ಲ. ನಮ್ಮ ಸೀಮೆಯ ಸುರಂಗವೆಂದರೆ ಗುಡ್ಡದ ಮುರಕಲ್ಲಿನ ಒಡಲಿಗೆ ಅಡ್ಡವಾಗಿ ಕೊರೆದ ಬಾವಿ; ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ನೀರಿನ ಒಸರು ಸಿಗುವವರೆಗೆ ಕೊರೆಯುತ್ತಾರೆ, ಬಾಯಿಯ ಕಡೆಗೆ ಸಣ್ಣ ಇಳಿಜಾರು ಬಿಡುತ್ತಾರೆ, ಆಮೇಲೆ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಉದ್ದವನ್ನು ಕೋಲುಗಳಲ್ಲಿ ಅಳೆಯುತ್ತಾರೆ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಆಟಿ ತಿಂಗಳ ಮಳೆ ಎರಡು ದಿನ ಬಿಡುವು ಕೊಟ್ಟಾಗ, ತಮ್ಮ ಆಯುಷ್ಯವನ್ನೆಲ್ಲ ಸುರಂಗ ಕೊರೆಯುವುದರಲ್ಲೇ ಕಳೆದ ನೆರೆಮನೆಯ ಅಣ್ಣನೊಬ್ಬರು ನನ್ನನ್ನು ಕರೆದುಕೊಂಡು ಹೋದರು. ಗೋಡೆಯನ್ನು ಪಿಕ್ಕಾಸಿನ ಹಿಡಿಯಿಂದ ತಟ್ಟಿ, ದನಿ ಆಲಿಸಿ, ಈ ಮಳೆಗಾಲದಲ್ಲಿ ಹದಿನೈದು ಕೋಲಿನಿಂದ ಆಚೆಗೆ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು.

ಒಳಗೆ ಕಣಕಾಲಿನವರೆಗೆ ತಣ್ಣನೆಯ ನೀರು. ಗೋಡೆಯ ಮೇಲೆ ಪಿಕ್ಕಾಸಿನ ಗುರುತುಗಳು ಮೀನಿನ ಹುರುಪೆಯಂತೆ ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು; ಕೊರೆದವರು ಬಲಗೈಯವರೆಂದು ಅದರಿಂದಲೇ ತಿಳಿಯುತ್ತದಂತೆ. ಅಣ್ಣ ಒಂದು ತೆಂಗಿನ ಗೆರಟೆಯಲ್ಲಿ ಮೇಣದ ಬತ್ತಿ ನಿಲ್ಲಿಸಿ ಮುಂದೆ ಹಿಡಿದಿದ್ದರು. ಅವರ ಭುಜದ ಆಚೆಗೆ ಕತ್ತಲೆ, ನನ್ನ ಬೆನ್ನಿನ ಹಿಂದೆ ರೂಪಾಯಿಯಷ್ಟು ಬೆಳಕು. ಹತ್ತನೆಯ ಕೋಲು ದಾಟುವ ಹೊತ್ತಿಗೆ ಜೂನ್ ತಿಂಗಳ ಆ ಬೆಳಗಿನಲ್ಲಾದುದೆಲ್ಲ ಮರಳಿತು: ಎದೆಯ ಬಡಿತ, ಒಣಗಿದ ಬಾಯಿ, ಕೊರಳಲ್ಲೇ ನಿಂತ ಉಸಿರು. ಅಣ್ಣ ತಿರುಗಿಯೂ ನೋಡದೆ, ನನ್ನ ಉಸಿರಿನ ಸದ್ದಿನಿಂದಲೇ ತಿಳಿದವರಂತೆ, ‘ಪೋಡ್ಯೊಡ್ಚಿ’ ಎಂದರು. ಹೆದರಬೇಕಾಗಿಲ್ಲ ಎಂದರ್ಥ. ಬತ್ತಿಯನ್ನು ನೋಡುತ್ತಾ ಇರು, ಅದು ಉರಿಯುವವರೆಗೆ ಗಾಳಿ ಇದೆ, ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ಎಳೆದುಕೊಳ್ಳುವ ಚಿಂತೆ ಬೇಡ, ಅದು ತಾನಾಗಿ ಬರುತ್ತದೆ ಎಂದು ತುಳುವಿನಲ್ಲಿ ಹೇಳಿದರು. ನಾನು ಬತ್ತಿಯನ್ನು ನೋಡಿದೆ, ಉದ್ದಕ್ಕೆ ಉಸಿರು ಬಿಟ್ಟೆ. ಹತ್ತು ಹನ್ನೆರಡು ಉಸಿರುಗಳಾಗುವಷ್ಟರಲ್ಲಿ ಗೋಡೆಯ ಒಸರು ಮೂರು ಕಡೆ ಬೇರೆ ಬೇರೆ ದನಿಯಲ್ಲಿ ತೊಟ್ಟಿಕ್ಕುವುದು ಕೇಳಿಸತೊಡಗಿತು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದೂ, ಬಿಡುವ ಉಸಿರನ್ನು ಉದ್ದಮಾಡಿದರೆ ವೇಗಸ್ ನರದ ಮೂಲಕ ದೇಹ ಶಾಂತವಾಗುವುದೂ ಶರೀರಶಾಸ್ತ್ರ ಒಪ್ಪಿದ ಸಂಗತಿಯೆಂದು ಆಮೇಲೆ ಓದಿ ತಿಳಿದೆ. ಕಲಿತದ್ದು ಮಾತ್ರ ಆ ಹದಿನೈದು ಕೋಲುಗಳ ಒಳಗೆ.

ಭಯ ಅಲ್ಲಿಗೆ ಮುಗಿಯಿತೆಂದು ಯಾರೂ ತಿಳಿಯಬಾರದು. ಮರುದಿನ ಉಪ್ಪರಿಗೆಯಲ್ಲಿ ಕುಳಿತು ನನ್ನ ಐದು ನಿಮಿಷಗಳ ಮಾತನ್ನು ಫೋನಿನಲ್ಲಿ ದಾಖಲಿಸಲು ಹೊರಟಾಗ ಮೂರು ಬಾರಿ ನಡುವೆಯೇ ನಿಲ್ಲಿಸಿದೆ. ನಾಲ್ಕನೆಯ ಬಾರಿ, ಏನೇ ಆದರೂ ಮುಗಿಸಬೇಕೆಂದು ಹಟದಿಂದ ಮುಗಿಸಿ, ನೋಡುವ ಧೈರ್ಯವಿಲ್ಲದೆ ಸಂಜೆಯವರೆಗೆ ಹಾಗೆಯೇ ಬಿಟ್ಟೆ. ಸಂಜೆ ತೆರೆದು ನೋಡಿದಾಗ ಆಶ್ಚರ್ಯವಾಯಿತು. ಕೈ ನಡುಗುತ್ತಿತ್ತೆಂದು ನನಗೆ ಖಚಿತವಾಗಿ ನೆನಪಿತ್ತು. ವೀಡಿಯೋದಲ್ಲಿ ಅದು ಕಾಣಿಸುತ್ತಿರಲಿಲ್ಲ. ದನಿ ಒಡೆಯಿತೆಂದು ನಾನು ಗುರುತಿಟ್ಟುಕೊಂಡಿದ್ದ ಜಾಗದಲ್ಲಿ ಸಣ್ಣದೊಂದು ನಿಲುಗಡೆ ಮಾತ್ರ ಇತ್ತು. ಇದಕ್ಕೆ ಮನಶ್ಶಾಸ್ತ್ರಜ್ಞರು ‘ಪಾರದರ್ಶಕತೆಯ ಭ್ರಮೆ’ ಎನ್ನುವ ಅರ್ಥದ ಹೆಸರನ್ನು ಕೊಟ್ಟಿದ್ದಾರೆ: ನಮ್ಮ ಒಳಗಿನ ತಳಮಳ ಎಲ್ಲರಿಗೂ ಕಾಣುತ್ತಿದೆಯೆಂದು ನಾವು ಭಾವಿಸುತ್ತೇವೆ, ಆದರೆ ಅದರಲ್ಲಿ ಬಹುಪಾಲು ಹೊರಗೆ ಕಾಣುವುದಿಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಅಮೆರಿಕದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮೊದಲು ಈ ಒಂದು ಸಂಗತಿಯನ್ನು ತಿಳಿದುಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದ್ದರು. ಪರೀಕ್ಷೆಗಾಗಿ ಓದಿದ್ದಿದ್ದರೆ ಇದು ಎರಡು ಅಂಕದ ಉತ್ತರವಾಗಿ ಮುಗಿಯುತ್ತಿತ್ತು. ನನ್ನದೇ ಕೈಯನ್ನು ಪರದೆಯ ಮೇಲೆ ನಡುಗದೆ ಕಂಡ ಮೇಲೆ ಅದು ನನ್ನ ಪಾಲಿಗೆ ಔಷಧವಾಯಿತು.

ಆದರೂ ಒಂದು ತೊಡಕು ಉಳಿದೇ ಇತ್ತು. ದಾಖಲಿಸಿದ ನನ್ನ ಮಾತು ತಪ್ಪಿಲ್ಲದೆ ಇತ್ತು, ಆದರೆ ಅದರಲ್ಲಿ ಜೀವ ಇರಲಿಲ್ಲ. ಶಬ್ದಗಳು ಒಂದರ ಹಿಂದೆ ಒಂದು ಬಿದ್ದು ಎಲ್ಲಿಗೂ ತಲುಪದೆ ನಿಂತಂತೆ ಕೇಳಿಸುತ್ತಿತ್ತು. ಅದನ್ನು ಬಿಡಿಸಿದವರು ನನ್ನ ಸೋದರಮಾವ.

ಮಾವನ ಮನೆ ಸಾರಡ್ಕದ ಆಚೆ, ಕರ್ನಾಟಕಕ್ಕೆ ಸೇರಿದ ಊರಿನಲ್ಲಿ. ಬೈಕಿನಲ್ಲಿ ಕಾಲು ಗಂಟೆಯ ದಾರಿ. ಆದರೆ ಗಡಿ ದಾಟಲು ಪಾಸು ಬೇಕಾಗಿದ್ದ ಆ ತಿಂಗಳುಗಳಲ್ಲಿ ಅವರು ನಮಗೆ ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು. ಅವರು ಹವ್ಯಾಸಿ ತಾಳಮದ್ದಳೆ ಅರ್ಥಧಾರಿ; ಎಂದರೆ ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ ಪಾತ್ರದ ಮಾತು, ಅಂದರೆ ಅರ್ಥ, ಹೇಳುವವರು. ಯಕ್ಷಗಾನದ ಪಿತಾಮಹನೆಂದು ನಾವು ನೆನೆಯುವ ಪಾರ್ತಿಸುಬ್ಬ ಕುಂಬಳೆಯವನು. ಅವನ ಸೀಮೆಯಲ್ಲಿ ಆಟಿ ತಿಂಗಳೆಂದರೆ ಮಳೆಗೆ ಬಯಲಾಟಗಳು ನಿಂತು, ಜಗಲಿಗಳಲ್ಲಿ ತಾಳಮದ್ದಳೆ ಕೂಡುವ ಕಾಲ. ಆ ವರ್ಷ ಜಗಲಿಗಳು ಬರಿದಾಗಿದ್ದವು. ಮಾವನ ಬಳಗದವರು ಮನೆಯೊಂದರಲ್ಲಿ ನಾಲ್ಕೈದು ಮಂದಿ ಮಾತ್ರ ಕುಳಿತು, ಕ್ಯಾಮೆರಾ ಇಟ್ಟು, ಯೂಟ್ಯೂಬಿನಲ್ಲಿ ಒಂದು ತಾಳಮದ್ದಳೆ ನಡೆಸಿದ್ದರು. ನಾನು ನನ್ನ ಕಷ್ಟ ಹೇಳಿಕೊಂಡಾಗ ಅವರು ಉಪದೇಶ ಮಾಡಲಿಲ್ಲ, ತಮ್ಮ ಕಷ್ಟ ಹೇಳಿದರು. ಮೂವತ್ತು ವರ್ಷ ಅರ್ಥ ಹೇಳಿದವರಿಗೆ ಅಂದು ವಾಲಿಯ ಪಾತ್ರದಲ್ಲಿ ಪೀಠಿಕೆಯ ನಡುವೆ ಮಾತು ಕಟ್ಟಿತಂತೆ. ಒಂದು ಒಳ್ಳೆಯ ಮಾತು ಬಿದ್ದಾಗ ಸಭೆಯಿಂದ ಏಳುವ ‘ಹೋ’ ಎಂಬ ಸಣ್ಣ ದನಿ ಇಲ್ಲ, ಚಾಪೆಯ ಮೇಲೆ ಮಗ್ಗುಲು ಬದಲಿಸುವ ಸದ್ದೂ ಇಲ್ಲ. ‘ಆಮೇಲೆ ರಾಮನ ಅರ್ಥದವನ ಮುಖ ನೋಡಿದೆ. ಅವನು ಉತ್ತರ ಕೊಡಲು ಕಾಯುತ್ತಿದ್ದ. ಅವನಿಗೆ ಹೇಳಿದೆ, ಆಯಿತು’ ಎಂದರು.

ಬಳಿಕ ನನ್ನ ಮಾತನ್ನು ಫೋನಿನಲ್ಲಿ ಹೇಳಿಸಿ ಕೇಳಿದರು. ಎರಡು ನಿಮಿಷವಾಗುವಷ್ಟರಲ್ಲಿ ತಡೆದು, ‘ಕೂಸೇ, ನೀನು ಆರತ್ರೆ ಮಾತಾಡುದು?’ ಎಂದು ಕೇಳಿದರು. ಯಾರೊಡನೆ ಮಾತನಾಡುತ್ತಿದ್ದೀಯೆ? ತರಗತಿಯೊಡನೆ ಎಂದೆ. ತರಗತಿ ಎಂಬ ಹೆಸರಿನವರು ಯಾರೂ ಇಲ್ಲವಲ್ಲ ಎಂದರು. ತಾಳಮದ್ದಳೆಯಲ್ಲಿ ಅರ್ಥಧಾರಿ ಸಭೆಯ ಕಡೆಗೆ ತಿರುಗಿ ಭಾಷಣ ಮಾಡುವುದಿಲ್ಲ; ಎದುರು ಅರ್ಥಧಾರಿಯನ್ನು ಕೆಣಕುತ್ತಾನೆ, ಒಪ್ಪಿಸುತ್ತಾನೆ, ಅವನ ಪ್ರಶ್ನೆಗೆ ಮಣಿಯುತ್ತಾನೆ; ಸಭೆ ಅದನ್ನು ಕೇಳಿಸಿಕೊಳ್ಳುತ್ತದೆ. ಅಲ್ಲಿ ಎಲ್ಲರೂ ಕುಳಿತಿರುತ್ತಾರೆ, ಕೈಯಲ್ಲಿ ಬರೆದ ಮಾತಿರುವುದಿಲ್ಲ, ಭಾಗವತರು ಹಾಡಿದ ಪದ್ಯದ ಚೌಕಟ್ಟು ಮಾತ್ರ ಇರುತ್ತದೆ. ನೀವು ನಾಲ್ವರಿದ್ದೀರಿ, ನಾಲ್ಕು ಭಾಷಣಗಳನ್ನು ಏಕೆ ಮಾಡುತ್ತೀರಿ ಎಂದು ಮಾವ ಕೇಳಿದ ಪ್ರಶ್ನೆಯನ್ನು ನಾನು ಹಾಗೆಯೇ ಗುಂಪಿನ ಮುಂದಿಟ್ಟೆ.

ಪಯ್ಯನ್ನೂರಿನವನಿಗೆ ಮೊದಲು ಇದು ಇಷ್ಟವಾಗಲಿಲ್ಲ. ಅಂಕ ಕೊಡುವುದು ಪ್ರತಿಯೊಬ್ಬರ ಭಾಗಕ್ಕೆ, ಸಂಭಾಷಣೆ ಮಾಡಿದರೆ ಯಾರ ಭಾಗ ಯಾವುದೆಂದು ತಿಳಿಯದು ಎಂಬುದು ಅವನ ವಾದ, ಅದು ನ್ಯಾಯವಾದ ವಾದವೂ ಆಗಿತ್ತು. ಕೊನೆಗೆ ಹೀಗೆ ಒಪ್ಪಿಕೊಂಡೆವು: ಭಾಗಗಳು ನಾಲ್ಕೇ ಇರಲಿ, ಆದರೆ ಪ್ರತಿಯೊಬ್ಬರೂ ತಮ್ಮ ಭಾಗವನ್ನು ಮುಂದಿನವರಿಗೆ ಒಂದು ನಿಜವಾದ ಪ್ರಶ್ನೆ ಕೇಳಿ ಮುಗಿಸಬೇಕು, ಮುಂದಿನವರು ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಆರಂಭಿಸಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಗೆ ನೀರಿನ ಬರ ಏಕೆಂದು ಮಂಜೇಶ್ವರದವಳು ಹೇಳುವುದು. ಇಳಿಜಾರಿನ ನೆಲದಿಂದ ನೀರು ಬೇಗನೆ ಕಡಲಿಗೆ ಓಡುತ್ತದೆಂದು ಮುಗಿಸಿ, ಗುಡ್ಡದೊಳಗೆ ಉಳಿದ ನೀರನ್ನು ಹಿಡಿಯುವುದು ಹೇಗೆಂದು ನನ್ನನ್ನು ಕೇಳುವುದು. ನಾನು ಸುರಂಗದ ರಚನೆ ವಿವರಿಸಿ, ಇಷ್ಟು ಒಳ್ಳೆಯ ಪದ್ಧತಿ ಹಿಂದೆ ಸರಿದದ್ದೇಕೆಂದು ಪಯ್ಯನ್ನೂರಿನವನನ್ನು ಕೇಳುವುದು. ಅವನು ಕೊಳವೆಬಾವಿಗಳ ಬಗ್ಗೆ, ನೀಲೇಶ್ವರದವಳು ಇದನ್ನು ಶಾಲೆಯ ಮಕ್ಕಳಿಗೆ ಕಲಿಸುವ ಬಗೆಯ ಬಗ್ಗೆ.

ಇನ್ನೊಂದು ನಿಯಮವನ್ನು ನನ್ನ ಸಲುವಾಗಿ ಸೇರಿಸಿದರು, ಆಮೇಲೆ ಅದು ನಾಲ್ವರಿಗೂ ಬೇಕಾಯಿತು. ಒಬ್ಬರು ಮಾತನಾಡುವಾಗ ಇನ್ನೊಬ್ಬರ ಕ್ಯಾಮೆರಾ ತೆರೆದಿರಬೇಕು. ಎಲ್ಲರ ಕ್ಯಾಮೆರಾ ತೆರೆದರೆ ನಮ್ಮ ಊರಿನ ಸಿಗ್ನಲಿಗೆ ತಾಳಿಕೊಳ್ಳಲು ಆಗದು. ಕೇಳುವ ಒಂದು ಮುಖಕ್ಕಾದರೆ ಆಗುತ್ತದೆ. ನನಗೆ ನೀಲೇಶ್ವರದವಳ ಮುಖ. ಅವಳ ಚೌಕವನ್ನು ಪಿನ್ ಮಾಡಿ ಪರದೆಯ ತುಂಬ ದೊಡ್ಡದಾಗಿಸಿಕೊಂಡೆ. ನನ್ನ ಸ್ವಂತ ಚೌಕವನ್ನು ನನ್ನ ಕಣ್ಣಿಗೆ ಮಾತ್ರ ಮರೆಮಾಡುವ ಸೌಲಭ್ಯ ಝೂಮ್‌ನಲ್ಲಿ ಇದೆಯೆಂದು ಅವಳೇ ಹುಡುಕಿ ಹೇಳಿದಳು. ಚಿಕ್ಕಮ್ಮನ ಮಗನ ಲ್ಯಾಪ್‌ಟಾಪ್ ಎರವಲು ತಂದು ಅದನ್ನು ಮಾಡಿಕೊಂಡೆ. ದಿನವಿಡೀ ತನ್ನ ಮುಖವನ್ನೇ ನೋಡುತ್ತ ಮಾತನಾಡುವುದು ಕನ್ನಡಿಯೊಂದು ಬೆನ್ನುಹತ್ತಿ ಬಂದಂತೆ ದಣಿಸುತ್ತದೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ ಅವರು 2021ರಲ್ಲಿ ವಾದಿಸಿದ್ದನ್ನು ಓದಿದಾಗ, ನಮಗೆ ಒಂದು ವರ್ಷ ಮೊದಲೇ ದಾರಿ ಸಿಕ್ಕಿತ್ತಲ್ಲ ಎಂದು ಅವಳಿಗೆ ಕಳುಹಿಸಿದೆ.

ಹಣ ಕೊಡದ ಝೂಮ್ ಸಭೆ 40 ನಿಮಿಷಕ್ಕೆ ತಾನಾಗಿ ಮುಗಿಯುತ್ತದೆ. ಅಷ್ಟರಲ್ಲಿ ಎರಡು ಬಾರಿ ಅಭ್ಯಾಸ ಮಾಡಬಹುದಿತ್ತು. ಆರು ಸಂಜೆ ನಾಲ್ವರೂ ಹೀಗೆ ಕೂಡಿದೆವು. ಮೊದಲನೆಯ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿದೆ, ಉಳಿದುದನ್ನು ಐದು ಶಬ್ದಗಳಾಗಿ ಒಂದು ಚೀಟಿಯಲ್ಲಿ ಬರೆದುಕೊಂಡೆ: ಮುರಕಲ್ಲು, ಕೋಲು, ಇಳಿಜಾರು, ಬತ್ತಿ, ದಂಬೆ. ಬಾಯಿಪಾಠ ಮಾಡಿದ ನಾಲ್ಕು ಪುಟಗಳಲ್ಲಿ ಒಂದು ವಾಕ್ಯ ಜಾರಿದರೆ ಉಳಿದವೆಲ್ಲ ಅದರೊಂದಿಗೆ ಜಾರುತ್ತವೆ. ಜೂನ್ ತಿಂಗಳಲ್ಲಿ ನನಗಾದದ್ದು ಅದೇ. ಈ ಐದು ಶಬ್ದಗಳಲ್ಲಿ ಪ್ರತಿಯೊಂದಕ್ಕೂ ನಾನು ಕಣ್ಣಾರೆ ಕಂಡ ವಸ್ತು ಇತ್ತು. ಮಾತನಾಡಬೇಕಾದದ್ದು ಇಂಗ್ಲಿಷಿನಲ್ಲಿ. ಆದರೆ ಈ ಶಬ್ದಗಳನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ, ಹೇಳಿ ವಿವರಿಸಿದೆ. ಮೂರನೆಯ ಸಂಜೆಯೂ ಕೆಟ್ಟುಹೋಯಿತೆಂಬುದನ್ನು ಹೇಳಬೇಕು. ಅಂದು ಎರಡು ಬಾರಿಯೂ ‘ಇಳಿಜಾರು’ ತಲುಪುವ ಮೊದಲೇ ನಿಂತುಬಿಟ್ಟೆ. ಗೆಳತಿ ಏನನ್ನೂ ಹೇಳದೆ ಕ್ಯಾಮೆರಾದಲ್ಲಿ ಕುಳಿತೇ ಇದ್ದಳು. ಇಬ್ಬರೂ ಸುಮ್ಮನೆ ಕುಳಿತಿದ್ದಂತೆಯೇ 40 ನಿಮಿಷ ಮುಗಿದು ಪರದೆ ಕಪ್ಪಾಯಿತು.

ಪ್ರಸ್ತುತಿಯ ದಿನ ಬೆಳಿಗ್ಗೆಯಿಂದಲೇ ಮಳೆ. ಉಪ್ಪರಿಗೆಯ ಹಂಚಿನ ಮೇಲಾದರೆ ಮಳೆಯ ಸದ್ದು ಸಹ್ಯ, ಪಕ್ಕದ ಶೀಟಿನ ಮಾಡಿನ ಮೇಲೆ ಬೀಳುವಾಗ ಮಾತು ಕೇಳಿಸದು. ಅದಕ್ಕಾಗಿ ಅಪ್ಪ ಹಿಂದಿನ ದಿನವೇ ಶೀಟಿನ ಮೇಲೆ ಅಡಿಕೆ ಸೋಗೆ ಹರಡಿದ್ದರು. ಅಮ್ಮ ಮೆಟ್ಟಿಲ ಬುಡದಲ್ಲಿ ಕುಳಿತು ಯಾರನ್ನೂ ಮೇಲೆ ಬಿಡಲಿಲ್ಲ. ಮಂಜೇಶ್ವರದವಳು ತನ್ನ ಪ್ರಶ್ನೆ ಕೇಳಿ ನಿಲ್ಲಿಸಿದಾಗ ನನ್ನ ಎದೆ ಜೂನಿನಲ್ಲಿ ಬಡಿದಷ್ಟೇ ಜೋರಾಗಿ ಬಡಿಯುತ್ತಿತ್ತು. ಎರಡು ಉಸಿರು ಉದ್ದಕ್ಕೆ ಬಿಟ್ಟೆ. ಪರದೆಯ ಮೇಲೆ ನೀಲೇಶ್ವರದವಳು ಕೆನ್ನೆಗೆ ಕೈಯೂರಿ ಕಾಯುತ್ತಿದ್ದಳು. ಮೊದಲ ನಿಮಿಷದಲ್ಲಿ ನನ್ನ ದನಿ ತೆಳುವಾಗಿತ್ತು, ಅದು ನನಗೇ ಕೇಳುತ್ತಿತ್ತು. ‘ಕೋಲು’ ಎಂಬಲ್ಲಿ, ನೆಲದ ಮೇಲಿಟ್ಟಿದ್ದ ಅಳತೆಯ ಕೋಲನ್ನು ಎತ್ತಿ ತೋರಿಸಿದೆ. ಅವಳ ಹುಬ್ಬು ಮೇಲೇರಿತು. ಆರು ಸಂಜೆಗಳಲ್ಲಿ ಅದನ್ನು ನಾನು ಅವಳಿಗೂ ತೋರಿಸಿರಲಿಲ್ಲ. ಅಲ್ಲಿಂದ ಮುಂದೆ ನಾನು ಅವಳಿಗೇ ಹೇಳುತ್ತ ಹೋದೆ. ಸೀಳಿದ ಅಡಿಕೆ ಮರದ ದಂಬೆಯಲ್ಲಿ ಸುರಂಗದ ನೀರು ನಮ್ಮ ಅಂಗಳದವರೆಗೆ ಬರುತ್ತಿದ್ದುದನ್ನು ಹೇಳಿ ಮುಗಿಸಿದಾಗ ಐದು ನಿಮಿಷ ಕಳೆದು ಇನ್ನೂ ಅರ್ಧ ನಿಮಿಷ ಹೆಚ್ಚಾಗಿತ್ತು.

ಟೀಚರ್ ಕೊನೆಯಲ್ಲಿ ನನ್ನನ್ನೇ ಕೇಳಿದರು: ಒಳಗೆ ಗಾಳಿ ಸಾಲದೆಂದು ಕೊರೆಯುವವರಿಗೆ ತಿಳಿಯುವುದು ಹೇಗೆ? ಗೆರಟೆಯ ಬತ್ತಿಯ ಬಗ್ಗೆ ಹೇಳಿದೆ. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ ಸುಮಾರು 16ಕ್ಕೆ ಇಳಿಯುವ ಹೊತ್ತಿಗೆ ಬತ್ತಿ ನಂದುತ್ತದೆ, ಮನುಷ್ಯ ಆಗಲೂ ಉಸಿರಾಡಬಲ್ಲ, ಆದುದರಿಂದ ನಂದಿದ ಬತ್ತಿ ಹಿಂದಿರುಗಲು ಹೊತ್ತು ಕೊಡುತ್ತದೆ ಎಂದು ವಿವರಿಸಿದೆ. ಈ ಉತ್ತರ ನನ್ನ ಚೀಟಿಯಲ್ಲಿರಲಿಲ್ಲ. ಮಾತಿನ ನಡುವೆ ಒಂದು ಇಂಗ್ಲಿಷ್ ಶಬ್ದ ಸಿಗದೆ ಮಲಯಾಳಕ್ಕೆ ಹೊರಳಿದೆ, ನಮ್ಮ ಕಡೆಯ ಮಲಯಾಳ, ತುಳುವಿನ ಎಳೆತ ಇರುವಂಥದ್ದು. ಅದನ್ನು ಆಡಲು ಎರಡು ಸೆಮಿಸ್ಟರ್ ಸಂಕೋಚಪಟ್ಟಿದ್ದೆ. ಮುಗಿಸಿದ ಮೇಲೆ ಮೂರು ನಾಲ್ಕು ಕಪ್ಪು ಚೌಕಗಳು ತೆರೆದುಕೊಂಡವು. ಅವುಗಳಲ್ಲಿ ಮುಖಗಳಿದ್ದವು, ಪ್ರಶ್ನೆಗಳಿದ್ದವು.

ಅಂದು ನಮ್ಮ ಬಳಿಕದ ಗುಂಪಿನ ಎರಡನೆಯ ಸರದಿ ಬಂದಡ್ಕದ ಕಡೆಯ ಸಹಪಾಠಿಯೊಬ್ಬನದು. ಅವನು ಎರಡು ವಾಕ್ಯ ಹೇಳಿದ. ದನಿ ಸ್ಪಷ್ಟವಾಗಿತ್ತು, ಚಿತ್ರ ಒಂದಿಷ್ಟೂ ನಿಂತಿರಲಿಲ್ಲ. ಚೌಕ ಒಮ್ಮೆಗೇ ಇಲ್ಲವಾಯಿತು. ‘ಮಲೆನಾಡಿನ ಕಡೆ ಮಳೆ ಹೆಚ್ಚಿರಬೇಕು, ನೆಟ್‌ವರ್ಕ್ ಹೋಗಿದೆ’ ಎಂದು ಟೀಚರ್ ಹೇಳಿ, ಮುಂದಿನ ವಾರ ಅವನಿಗೆ ಇನ್ನೊಂದು ಅವಕಾಶ ಕೊಟ್ಟು, ಮುಂದಿನವರನ್ನು ಕರೆದರು. ನೀಲೇಶ್ವರದವಳು ನನಗೆ ಸಂದೇಶ ಕಳುಹಿಸಲಿಲ್ಲ, ನಾನೂ ಅವಳಿಗೆ ಕಳುಹಿಸಲಿಲ್ಲ. ಸಂಜೆ ಅವನಿಗೆ ಫೋನ್ ಮಾಡಿದೆ. ಇಲ್ಲಿ ಬೆಳಗಿನಿಂದ ಸಿಗ್ನಲೇ ಇಲ್ಲ ಎಂದು ಅವನೇ ಮೊದಲು ಹೇಳಿದ. ಜೂನ್ ತಿಂಗಳಲ್ಲಿ ನನ್ನ ಸಿಗ್ನಲ್ ಕೂಡ ಹೀಗೆಯೇ ಹೋಗಿತ್ತು, ಕೆಂಪು ಗುಂಡಿ ಒತ್ತಿದ್ದೆ ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವನು, ನೀನು ಯಾರ ಮುಖ ನೋಡಿ ಮಾತನಾಡಿದೆ, ಬೆಳಿಗ್ಗೆ ನಿನ್ನ ಕಣ್ಣು ಒಂದೇ ಕಡೆ ಇತ್ತಲ್ಲ ಎಂದು ಕೇಳಿದ. ಹೇಳಿದೆ. ಮುಂದಿನ ವಾರ ಅವನ ಸರದಿ ಬಂದಾಗ ನನ್ನ ಕ್ಯಾಮೆರಾ ತೆರೆದಿತ್ತು.